ತಂಗಿಯ ತೊನ್ನು ಮತ್ತು ಮನೋವೈದ್ಯರ ನೆರವು: ಒಂದು ಪ್ರತಿಕ್ರಿಯೆ

ತೊನ್ನು ಅಪಾಯಕಾರಿಯಲ್ಲವೆಂದು ವೈದ್ಯರು ಹೇಳಿದ ಮೇಲೂ ತಂಗಿ ಮದುವೆಮನೆಗಾಗಲಿ ಭೂತಕೋಲಕ್ಕಾಗಲಿ ಬರಲು ಒಪ್ಪುತ್ತಿಲ್ಲ, ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕೇ ಎಂದು ತಾವು ಬದಿಯಡ್ಕದಿಂದ ಕೇಳಿದ್ದೀರಿ. ಕರೆದೊಯ್ಯುವುದೇ ಸರಿಯೆಂದು ನನ್ನ ಅಭಿಪ್ರಾಯ. ದೇಹದ ರೋಗನಿರೋಧಕ ವ್ಯವಸ್ಥೆಯು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶಪಡಿಸುವುದರಿಂದ ಬರುವ ಈ ಕಾಯಿಲೆ ಅಂಟುವುದಿಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಇದನ್ನು ನಾಗದೋಷವೆಂದು ಪಿಸುಗುಟ್ಟುವವರು ನಮ್ಮ ಊರುಗಳಲ್ಲಿ ಇನ್ನೂ ಇರುವುದರಿಂದ, ಕಲೆಗಿಂತ ಆ ಮಾತೇ ಹೆಚ್ಚು ನೋಯಿಸುತ್ತದೆ. (ನಾಗದೋಷ ಪರಿಹಾರಕ್ಕೆಂದು ಆಶ್ಲೇಷಾ ಬಲಿ ಪೂಜೆ ಮಾಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ, ಔಷಧ ನಿಲ್ಲಿಸದಿದ್ದರೆ ಸಾಕು.)

ಚರ್ಮರೋಗವು ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯಲು ಬ್ರಿಟನ್ನಿನ ಕಾರ್ಡಿಫ್‌ನ ವೈದ್ಯರು 1994ರಲ್ಲಿ ಪ್ರಕಟಿಸಿದ 10 ಪ್ರಶ್ನೆಗಳ ಪಟ್ಟಿಯೊಂದಿದೆ. ಮುಜುಗರ, ಉಡುಪಿನ ಆಯ್ಕೆ, ಜನರೊಡನೆ ಬೆರೆಯುವಿಕೆ ಮುಂತಾದವನ್ನು ಕೇಳುವ ಅದರಲ್ಲಿ 30ಕ್ಕೆ 10ಕ್ಕಿಂತ ಹೆಚ್ಚು ಅಂಕ ಬಂದರೆ ಪರಿಣಾಮ ತೀವ್ರವೆಂದೇ ಅರ್ಥ. ಚರ್ಮವೈದ್ಯರಲ್ಲಿ ಅದನ್ನು ಕೇಳಿ ನೋಡಿ. ಆಕೆ ಆಸ್ಪತ್ರೆಗೆ ಬರಲು ಹಿಂಜರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದ ಆಯ್ಕೆಯೂ ಇದೆ. ನಿದ್ದೆ, ಊಟ ಕೆಟ್ಟಿದ್ದರೆ ತಡಮಾಡಬೇಡಿ. ಬದುಕು ಬೇಡವೆಂಬ ಮಾತು ಒಮ್ಮೆಯಾದರೂ ಬಂದಿದ್ದರೆ ಇಂದೇ ಹೊರಡಿ.