ಜಾವಾದ ಹಳ್ಳಿಯಲ್ಲಿ ಗದ್ದೆಗೆ ದುಡ್ಡು ಹಾಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಹುಡುಗಿ ಇಂಡೊನೇಷ್ಯಾದ ಜಾವಾ ದ್ವೀಪದ ಕ್ಲಾತೆನ್ ಜಿಲ್ಲೆಯವಳು, ಬರುವ ವರ್ಷ ಮದುವೆ, ಕೈಯಲ್ಲಿ 25 ಲಕ್ಷ ರೂಪಾಯಿ ಇದೆ, ಬೆಂಗಳೂರು ಬಿಟ್ಟು ಅವಳ ಊರಲ್ಲೇ ಗದ್ದೆ ತಗೊಂಡು ಬದುಕಬಹುದಾ ಅಂತ ಕೇಳಿದ್ದೀರಿ. ಬದುಕಬಹುದು. ಚೆನ್ನಾಗಿಯೇ ಬದುಕಬಹುದು. ಆದರೆ ಗದ್ದೆ ತಗೊಳ್ಳುವುದು ನೀವಲ್ಲ, ಅವಳು. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ನಾನು ಮದ್ದೂರು ಕಡೆಯವನು. ಜವಳಿ ಕಾರ್ಖಾನೆ ಕೆಲಸಕ್ಕೆ ಅಂತ ಜಾವಾದ ಸೋಲೋ ನಗರಕ್ಕೆ ಬಂದೆ, ಇಲ್ಲೇ ಮದುವೆಯಾದೆ, ಒಂಬತ್ತು ವರ್ಷದಿಂದ ಹೆಂಡತಿಯ ಊರಲ್ಲಿದ್ದೇನೆ. ದುಡ್ಡು ಕಳೆದುಕೊಂಡೂ ಕಲಿತಿದ್ದೇನೆ, ಅದನ್ನೂ ಹೇಳುತ್ತೇನೆ.

ಇಂಡೊನೇಷ್ಯಾದ 1960ರ ಭೂ ಕಾಯ್ದೆ ಪ್ರಕಾರ ಪೂರ್ತಿ ಒಡೆತನ, ಅಂದರೆ ಇವರು ಹಕ್ ಮಿಲಿಕ್ ಅನ್ನುವುದು, ಈ ದೇಶದ ಪ್ರಜೆಗಳಿಗೆ ಮಾತ್ರ. "ನನ್ನ ಹೆಸರಲ್ಲಿ ತಗೊಳ್ಳೋಣ, ಒಳಗೊಳಗೆ ಒಂದು ಕಾಗದ ಮಾಡಿಕೊಳ್ಳೋಣ" ಅಂತ ಹೇಳುವ ಇಲ್ಲಿನವರು ನಿಮಗೆ ಖಂಡಿತ ಸಿಗುತ್ತಾರೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ಅಂಥ ವ್ಯವಹಾರ ಕಾನೂನಿನಲ್ಲಿ ನಿಲ್ಲುವುದೇ ಇಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗೂ ಇಲ್ಲ. ಕಂಪನಿ ಕಟ್ಟಿ ಮಾಡೋಣ ಅಂದರೆ ವಿದೇಶಿ ಬಂಡವಾಳದ ಕಂಪನಿಗೆ ಜಮೀನು ಬಿಟ್ಟು 1000 ಕೋಟಿ ರುಪಿಯಾಗೂ ಜಾಸ್ತಿ ಹೂಡಿಕೆ ತೋರಿಸಬೇಕು, ನಮ್ಮ ಲೆಕ್ಕದಲ್ಲಿ 5 ಕೋಟಿ ರೂಪಾಯಿಗೂ ಮೇಲೆ. ಅದು ನಮ್ಮಂಥವರ ದಾರಿಯಲ್ಲ.

ಈಗ ನಿಮಗೆ ತುಂಬಾ ಮುಖ್ಯವಾದ ವಿಷಯ. ವಿದೇಶಿಯನ್ನು ಮದುವೆಯಾದರೆ ನಿಮ್ಮ ಹುಡುಗಿಯ ಹಕ್ಕಿಗೂ ತೊಡಕು ಬರುತ್ತದೆ, ಯಾಕೆಂದರೆ ಮದುವೆ ಆದಮೇಲೆ ಸಂಪಾದಿಸಿದ್ದು ಇಬ್ಬರದೂ ಅಂತ ಲೆಕ್ಕ, ನಿಮಗೆ ಅದರಲ್ಲಿ ಪಾಲು ಬಂತು ಅಂದರೆ ಗದ್ದೆ ವಿದೇಶಿಗೆ ಹೋದ ಹಾಗೆ. ಅದಕ್ಕೆ ಆಸ್ತಿ ಬೇರೆ ಬೇರೆ ಅನ್ನುವ ಒಪ್ಪಂದವನ್ನು ಮದುವೆಗೆ ಮುಂಚೆಯೇ ನೋಟರಿ ಹತ್ತಿರ ಮಾಡಿಸಿ, ಮದುವೆ ಜೊತೆಗೇ ನೋಂದಾಯಿಸಿ. ಮದುವೆ ಆದಮೇಲೂ ಮಾಡಿಸಬಹುದು ಅಂತ 2016ರಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿದೆ. ನಾವು ಹಾಗೆ ಆಮೇಲೆ ಮಾಡಿಸಿಕೊಂಡವರು, ಓಡಾಟ ಜಾಸ್ತಿ ಆಯಿತು. ನಿಮಗೆ ಇನ್ನೂ ಸಮಯ ಇದೆ ಅಲ್ವಾ, ಮೊದಲೇ ಮುಗಿಸಿ.

ಒಪ್ಪಂದ ಆದಮೇಲೆ ಗದ್ದೆ ಅವಳದ್ದು. ಪೂರ್ತಿ ಅವಳದ್ದು. ಕಾಗದದಲ್ಲಿ ಮಾತ್ರ ಅವಳದ್ದು, ಮನಸ್ಸಲ್ಲಿ ನನ್ನದು ಅಂತ ಇಟ್ಟುಕೊಂಡು ದುಡ್ಡು ಕೊಟ್ಟರೆ ಮುಂದೆ ಮನೆಯಲ್ಲಿ ದಿನಾ ಅದೇ ಜಗಳ ಆಗುತ್ತದೆ. ಕೊಡುವುದಾದರೆ ಕೊಟ್ಟೆ ಅಂತ ಕೊಡಿ. ಹಾಗೆ ಕೊಡಲು ಮನಸ್ಸಿಲ್ಲದಷ್ಟು ದುಡ್ಡನ್ನು ಊರಲ್ಲೇ ಬ್ಯಾಂಕಿನಲ್ಲಿ ಬಿಟ್ಟು ಬನ್ನಿ.

ಇನ್ನೊಂದು ವಿಷಯ ಸುಮಾರು ಜನಕ್ಕೆ ಗೊತ್ತಿಲ್ಲ. ಗದ್ದೆ ಇರುವ ಉಪಜಿಲ್ಲೆಯಲ್ಲೇ, ಇಲ್ಲಿ ಕೆಚಮತನ್ ಅಂತಾರೆ, ಮಾಲೀಕ ವಾಸ ಇರಬೇಕು, ತೀರಾ ಅಂದರೆ ಪಕ್ಕದ್ದು ನಡೆಯುತ್ತದೆ. 1961ರಿಂದ ಇರುವ ನಿಯಮ. ನಿಮ್ಮ ಹುಡುಗಿ ಕೆಲಸಕ್ಕೆ ಜಕಾರ್ತಾಗೆ ಹೋಗಿ ಗುರುತಿನ ಚೀಟಿಯ ವಿಳಾಸ ಬದಲಾಯಿಸಿಕೊಂಡಿದ್ದರೆ ಮೊದಲು ಅದನ್ನು ನೋಡಿ. ಕರ್ನಾಟಕದಲ್ಲಿ 2020ರವರೆಗೆ ಕೃಷಿಕರಲ್ಲದವರು ಹೊಲ ಕೊಳ್ಳುವ ಹಾಗಿರಲಿಲ್ಲ, ನೆನಪಿದೆಯಲ್ಲ? ಬೇಸಾಯದ ಭೂಮಿ ಕೂತು ತಿನ್ನುವವರ ಕೈಗೆ ಹೋಗಬಾರದು ಅನ್ನುವ ಅದೇ ಯೋಚನೆ ಇಲ್ಲೂ.

ನಾನು ಕಳೆದುಕೊಂಡ ಕಥೆ. ಬಂದ ಎರಡನೇ ವರ್ಷ. ಇಲ್ಲಿ ಗಡಾಯ್ ಅಂತ ಒಂದು ಪದ್ಧತಿ ಇದೆ, ನಮ್ಮ ಭೋಗ್ಯವೇ ಅದು. ದುಡ್ಡು ಕೊಡುತ್ತೀರಿ, ದುಡ್ಡು ವಾಪಸ್ ಬರುವವರೆಗೆ ಗದ್ದೆ ಉತ್ತು ತಿನ್ನುತ್ತೀರಿ. ಊರಿನವರೊಬ್ಬರು ಮಗಳ ಮದುವೆಗೆ ಅಂತ ಹತ್ತು ಗುಂಟೆಯಷ್ಟು ಗದ್ದೆ ಹೆಂಡತಿಗೆ ಭೋಗ್ಯಕ್ಕೆ ಕೊಟ್ಟರು. ತೋರಿಸಿದ ದಾಖಲೆ ಲೆಟರ್ ಸಿ, ಅಂದರೆ ಹಳ್ಳಿ ಕಚೇರಿಯ ಪುಸ್ತಕದ ನಕಲು. ಅದು ತೆರಿಗೆ ಯಾರು ಕಟ್ಟುತ್ತಿದ್ದರು ಅಂತ ಹೇಳುತ್ತದೆ ಅಷ್ಟೆ, ಒಡೆತನದ ಪತ್ರ ಅಲ್ಲ. ಹೆಸರು ಇನ್ನೂ ಅವರ ತೀರಿಹೋದ ಅಪ್ಪನದು. ಪೌತಿ ಖಾತೆ ಆಗದ ಜಮೀನಿಗೆ ನಮ್ಮೂರಲ್ಲಿ ಯಾರಾದರೂ ದುಡ್ಡು ಕೊಡುತ್ತಾರಾ? ವಂಶವೃಕ್ಷ ಕೇಳದೆ ಕಾಸು ಬಿಚ್ಚುವುದಿಲ್ಲ. ಇಲ್ಲಿ ನಾನು ಕೇಳಲಿಲ್ಲ, ಹೊಸಬ ಅನ್ನುವ ಸಂಕೋಚ. ಆ ವರ್ಷ ಲೆಬರಾನ್‌ಗೆ, ಅಂದರೆ ರಂಜಾನ್ ಹಬ್ಬಕ್ಕೆ, ಸುಮಾತ್ರಾದ ಲಾಂಪುಂಗ್‌ನಿಂದ ಅವರ ತಮ್ಮ ಬಂದ. ಎಷ್ಟೋ ಜಾವಾ ಕುಟುಂಬಗಳು ಅಲ್ಲಿ ನೆಲೆಸಿವೆ, ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಾರೆ. ನನ್ನ ಪಾಲು ಕೇಳದೆ ಹೇಗೆ ಕೊಟ್ಟೆ ಅಂತ ಅಣ್ಣನ ಮೇಲೆ ಎಗರಿದ. ನಾಟಿ ಆಗಿತ್ತು. ಹಳ್ಳಿಯ ಹಿರಿಯರು ಕೂತು ಮಾತಾಡಿ ಆ ಬೆಳೆ ನಮಗೆ, ಆಮೇಲೆ ಗದ್ದೆ ಬಿಡಬೇಕು ಅಂದರು. ದುಡ್ಡು ಅರ್ಧ ಬಂತು, ಇನ್ನರ್ಧ ಇವತ್ತಿಗೂ ಬಂದಿಲ್ಲ. ನಾವೂ ಕೇಳುವುದು ಬಿಟ್ಟೆವು, ದಿನಾ ಮುಖ ನೋಡಬೇಕಲ್ಲ.

ಒಡೆತನದ ಸರ್ಟಿಫಿಕೇಟ್ ಇಲ್ಲದ ಗದ್ದೆಗೆ ಒಂದು ರುಪಿಯಾ ಕೊಡಬೇಡಿ. ಇದ್ದರೂ ಭೂ ಕಚೇರಿಯಲ್ಲಿ ಒಮ್ಮೆ ಪರಿಶೀಲನೆ ಮಾಡಿಸಿ. ಏಳು ವರ್ಷ ಉತ್ತ ಮೇಲೆ ಭೋಗ್ಯದ ಗದ್ದೆಯನ್ನು ದುಡ್ಡು ಕೇಳದೆ ಬಿಟ್ಟುಕೊಡಬೇಕು ಅನ್ನುವ ಕಾನೂನೂ 1960ರಿಂದ ಇದೆ, ಅದೂ ಗೊತ್ತಿರಲಿ.

ಗದ್ದೆಯಿಂದ ಎಷ್ಟು ಬರುತ್ತದೆ ಅಂತ ಕೇಳಿದ್ದೀರಿ. 1000 ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆಯಲ್ಲಿ ಒಂದು ಬೆಳೆಗೆ ಐದಾರು ಕ್ವಿಂಟಲ್ ಭತ್ತ ಆದರೆ ಒಳ್ಳೆ ಬೆಳೆ. 2025ರಲ್ಲಿ ಸರ್ಕಾರ ಹಸಿ ಭತ್ತಕ್ಕೆ ಕೆಜಿಗೆ 6,500 ರುಪಿಯಾ ಖರೀದಿ ಬೆಲೆ ಇಟ್ಟಿತು. ಆ ಬೆಲೆಯಲ್ಲಿ ಒಟ್ಟು ಆದಾಯ ನಮ್ಮ 20 ಸಾವಿರ ರೂಪಾಯಿ ಆಸುಪಾಸು. ಅದರಲ್ಲಿ ಗೊಬ್ಬರ, ಉಳುಮೆ, ಆಳು ಖರ್ಚು ಕಳೆಯಬೇಕು. ನೀವೇ ಉಳದೆ ಮರೋಗೆ, ಅಂದರೆ ನಮ್ಮ ವಾರಕ್ಕೆ ಕೊಟ್ಟರೆ ಬೆಳೆಯಲ್ಲಿ ಅರ್ಧ ಉತ್ತವನದು. ಸೋಲೋ–ಯೋಗ್ಯಕರ್ತಾ ಟೋಲ್ ರಸ್ತೆ ಕ್ಲಾತೆನ್ ಮೇಲೆ ಹಾದು ಬಂದಿರುವುದರಿಂದ ಗದ್ದೆ ಬೆಲೆ ಏರಿದೆ, ಬೆಳೆಯ ಲೆಕ್ಕದಲ್ಲಿ ಗಿಟ್ಟುವ ಹಾಗಿಲ್ಲ. ಮುಂದೆ ಸೈಟ್ ಮಾಡಿ ಮಾರೋಣ ಅಂದುಕೊಂಡರೆ 2009ರ ಕಾಯ್ದೆಯಲ್ಲಿ ಆಹಾರ ಬೆಳೆಯ ಭೂಮಿ ಅಂತ ಗುರುತಿಸಿದ ಗದ್ದೆಯಲ್ಲಿ ಮನೆ ಕಟ್ಟಲು ಬಿಡುವುದಿಲ್ಲ. ನಾನು ಆ ಕಾಯ್ದೆ ಪರ. ಜಾವಾದ ರೈತರಲ್ಲಿ ಬಹಳಷ್ಟು ಜನಕ್ಕೆ ಅರ್ಧ ಹೆಕ್ಟೇರ್ ಕೂಡ ಇಲ್ಲ, ಇರುವುದೂ ಸೈಟ್ ಆದರೆ ತಿನ್ನುವುದೇನು?

ಬೆಳೆ ಮಾರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಿಂತ ಬೆಳೆಯನ್ನೇ ಕೊಳ್ಳುವ ವ್ಯಾಪಾರಿ, ಪೆನೆಬಾಸ್, ಕೊಯ್ಲಿಗೆ ವಾರ ಹತ್ತು ದಿನ ಇರುವಾಗ ಬರುತ್ತಾನೆ. ಬದುವಿನ ಮೇಲೆ ಒಂದು ಸುತ್ತು ಹಾಕುತ್ತಾನೆ. ನಡುವೆ ಇಳಿದು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದುತ್ತಾನೆ, ಜೊಳ್ಳು ಹಾರಿ ಉಳಿದಿದ್ದನ್ನು ನೋಡುತ್ತಾನೆ, ಒಂದು ಕಾಳು ಹಲ್ಲಲ್ಲಿ ಕಡಿಯುತ್ತಾನೆ. ತೂಕ ಇಲ್ಲ, ಅಳತೆ ಇಲ್ಲ. ಇಡೀ ಗದ್ದೆಗೆ ಒಂದು ಮೊತ್ತ ಹೇಳಿ ಮುಂಗಡ ಕೊಟ್ಟು ಹೋಗುತ್ತಾನೆ. ಮಧ್ಯೆ ಮಳೆ ಬಂದು ಪೈರು ಮಲಗಿತೋ, ಬಂದು ಬೆಲೆ ಇಳಿಸುತ್ತಾನೆ. ನಮ್ಮ ಮಾವ ಅವನಿಗೆ ಮೆಲ್ಲಗೆ "ಇಂಗಿಹ್" ಅಂದರು. ಜಾವಾ ಭಾಷೆಯ ಮರ್ಯಾದೆಯ ಹೌದು ಅದು. ಒಪ್ಪಿಬಿಟ್ಟರು ಅಂದುಕೊಂಡೆ. ಒಪ್ಪಿರಲಿಲ್ಲ, ಕೇಳಿಸಿಕೊಂಡೆ ಅಂದಿದ್ದರು ಅಷ್ಟೆ. ಸಂಜೆ ಇನ್ನೊಬ್ಬ ವ್ಯಾಪಾರಿಯನ್ನು ಕರೆಸಿದರು. ದುಡ್ಡಿನ ಮಾತಿಗೆ ಬಂದ ಇಂಗಿಹ್ ಕೇಳಿ ಸಂತೋಷ ಪಡಬೇಡಿ, ಎರಡು ದಿನ ಬಿಟ್ಟು ಹೆಂಡತಿ ಕೈಲಿ ಇನ್ನೊಮ್ಮೆ ಕೇಳಿಸಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ನಮ್ಮಲ್ಲಿ ಕುರಿ ವಾರಕ್ಕೆ ಬಿಡುತ್ತಾರಲ್ಲ, ಇಲ್ಲಿ ಹಾಗೆ ದನ ಬಿಡುತ್ತಾರೆ, ಗಡುಹ್ ಅಂತ ಹೆಸರು. ಹೆಂಡತಿ ಕರು ಕೊಡಿಸುತ್ತಾಳೆ, ಸಾಕುವವರು ಹುಲ್ಲು ಹಾಕಿ ಬೆಳೆಸುತ್ತಾರೆ, ಬಕ್ರೀದ್ ಹೊತ್ತಿಗೆ ಮಾರಿ ಲಾಭ ಹಂಚಿಕೊಳ್ಳುತ್ತಾರೆ. ಸಣ್ಣ ದುಡ್ಡು, ಜಮೀನಿನ ತಂಟೆ ಇಲ್ಲ. 2022ರಲ್ಲಿ ದೇಶದ ತುಂಬ ಕಾಲುಬಾಯಿ ಜ್ವರ ಬಂದಾಗ ನಮ್ಮ ಎರಡರಲ್ಲಿ ಒಂದು ಸತ್ತಿತು. ಸಾಕಿದವರು ಮನೆ ಬಾಗಿಲಿಗೆ ಬಂದು ಕಣ್ಣೀರು ಹಾಕಿದರು. ನಷ್ಟ ನಮ್ಮದೇ ಅಂದೆವು, ಪದ್ಧತಿಯೂ ಅದೇ. ಈಗ ಅವರೇ ನಮ್ಮ ಮನೆಯ ಎಲ್ಲ ಕೆಲಸಕ್ಕೂ ಮೊದಲು ಬರುವವರು.

ಊರಲ್ಲಿ ಬದುಕುವುದಕ್ಕೆ ನೀವು ಹೊಸದಾಗಿ ಕಲಿಯುವುದು ಕಮ್ಮಿ. ಮುಯ್ಯಿ ಗೊತ್ತಲ್ಲ? ಇಲ್ಲೂ ಹಾಗೇ, ಮದುವೆಗೆ ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ, ತಿರುಗಿ ಅಷ್ಟು ಹಾಕಬೇಕು. ನಮ್ಮೂರಲ್ಲಿ 50 ಸಾವಿರದಿಂದ 1 ಲಕ್ಷ ರುಪಿಯಾ, ನಮ್ಮ ಇನ್ನೂರೈವತ್ತರಿಂದ ಐನೂರು ರೂಪಾಯಿ ಆಸುಪಾಸು. ಸೀಸನ್‌ನಲ್ಲಿ ಒಂದೇ ತಿಂಗಳಲ್ಲಿ ಏಳೆಂಟು ಮದುವೆ ಇರುತ್ತವೆ, ಸಂಸಾರದ ಲೆಕ್ಕದಲ್ಲಿ ಅದಕ್ಕೆ ಬೇರೆ ದುಡ್ಡು ಇಡಿ. ಜಾವಾ ಪಂಚಾಂಗದ ಸುರೋ ತಿಂಗಳಲ್ಲಿ ಮದುವೆ ಇಲ್ಲ, ನಮ್ಮ ಆಷಾಢದ ಹಾಗೆ. ನೀರುಗಂಟಿಗೆ ಉಲು-ಉಲು ಅಂತಾರೆ, ಅವನ ಜೊತೆ ಚೆನ್ನಾಗಿರಿ. ರಾತ್ರಿ ಕಾವಲಿಗೆ, ರೊಂಡಾಗೆ, ನಿಮ್ಮ ಪಾಳಿ ಬಂದಾಗ ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬೇಡಿ, ಹೋಗಿ ಕೂತುಕೊಳ್ಳಿ. ನನಗೆ ಭಾಷೆ ಬಂದಿದ್ದೇ ಆ ಕಾವಲು ಕಟ್ಟೆಯಲ್ಲಿ, ಬೇಯಿಸಿದ ಕಡಲೆಕಾಯಿ ತಿನ್ನುತ್ತಾ.

ಬಂದ 24 ಗಂಟೆಯೊಳಗೆ ಬೀದಿಯ ಮುಖ್ಯಸ್ಥರ, ಪಾಕ್ ಆರ್‌ಟಿ ಅಂತ ಕರೆಯುತ್ತಾರೆ, ಅವರ ಮನೆಗೆ ಹೋಗಿ ತಿಳಿಸಬೇಕು. ಎರಡು ಬೆಳೆ ಮುಗಿಯುವವರೆಗೆ ದೊಡ್ಡ ದುಡ್ಡು ಬಿಚ್ಚಬೇಡಿ.

ಹುಡುಗಿಯ ಊರು ಯಾವ ಕಡೆ ಅಂತ ನೀವು ಬರೆದಿಲ್ಲ. ಮೆರಾಪಿ ಬೆಟ್ಟದ ಮೇಲ್ಗಡೆ ಕೆಮಲಾಂಗ್ ಕಡೆಯಾದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟ. ದೆಲಾಂಗು, ಪೋಲನ್‌ಹಾರ್ಜೊ ಕಡೆಯಾದರೆ ಬುಗ್ಗೆ ನೀರು, ಭತ್ತದ ನಾಡು, ಆದರೆ ಕಂದು ಜಿಗಿಹುಳು, ಇಲಿ ಎರಡೂ ಇವೆ. ಯಾವ ಕಡೆ ಅಂತ ತಿಳಿಸಿ, ಅಲ್ಲಿನ ನೀರಿನ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.