ಎಪ್ಪತ್ತು ಕಾರ್ಡುಗಳ ಲೆಕ್ಕ

ಇಂಗ್ಲೆಂಡಿನ ರೆಡಿಂಗ್‌ನಿಂದ ಓದುಗರೊಬ್ಬರ ಪತ್ರ: "ನಾವು ಕ್ರೈಸ್ತರಲ್ಲ. ಆದರೂ ನವೆಂಬರ್ ಬಂತೆಂದರೆ ನನ್ನ ಹೆಂಡತಿ ನೆರೆಹೊರೆಯವರಿಗೆ, ಹಳೆಯ ಸಹೋದ್ಯೋಗಿಗಳಿಗೆ, ಮಂಗಳೂರಿನ ಗೆಳತಿಯರಿಗೆ ಅಂತ ಎಪ್ಪತ್ತು ಕ್ರಿಸ್ಮಸ್ ಕಾರ್ಡು ಬರೆಯುತ್ತ ಕೂರುತ್ತಾಳೆ. ಒಂದು ವಾಟ್ಸಾಪ್ ಸಂದೇಶದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ದುಡ್ಡು, ಇಷ್ಟು ಕಾಗದ ದಂಡವಲ್ಲವೆ?"

ದುಡ್ಡಿನ ಮಾತು ಒಪ್ಪಿದೆ. 2025ರ ಏಪ್ರಿಲ್‌ನಲ್ಲೇ ನಿಮ್ಮಲ್ಲಿ ಮೊದಲ ದರ್ಜೆಯ ಅಂಚೆಚೀಟಿ 1 ಪೌಂಡ್ 70 ಪೆನ್ಸ್‌ಗೆ ಏರಿತ್ತು, ನಿಧಾನವಾಗಿ ತಲುಪುವ ಎರಡನೇ ದರ್ಜೆಯದು 87 ಪೆನ್ಸ್‌ಗೆ. ಎಪ್ಪತ್ತನ್ನೂ ಅಗ್ಗದ ದರದಲ್ಲೇ ಹಾಕಿದರೂ 60 ಪೌಂಡ್ ದಾಟುತ್ತದೆ. ಮಂಗಳೂರಿನವು ಬೇರೆ ಲೆಕ್ಕ. ಮಿನುಗುಪುಡಿ ಉದುರುವ ಕಾರ್ಡು ಕಾಗದದ ಮರುಬಳಕೆಗೂ ಬಾರದು. ಇಷ್ಟಕ್ಕೆ ನಿಮ್ಮ ಪಾಲಿನ ನ್ಯಾಯ ಮುಗಿಯಿತು.

ತಮಾಷೆಯೆಂದರೆ, ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ನಿಮ್ಮಂಥವರಿಂದ. ಲಂಡನ್ನಿನ ಹೆನ್ರಿ ಕೋಲ್ ಬಿಡುವಿಲ್ಲದ ಮನುಷ್ಯ. 1840ರಲ್ಲಿ ಒಂದು ಪೆನ್ನಿಗೆ ಒಂದು ಪತ್ರ ಒಯ್ಯುವ ಪೆನ್ನಿ ಅಂಚೆ ಜಾರಿಗೆ ಬರಲು ದುಡಿದವರಲ್ಲಿ ಒಬ್ಬ; ಆ ಅಗ್ಗದ ಅಂಚೆಯೇ ಹೊತ್ತು ತಂದ ಹಬ್ಬದ ಪತ್ರಗಳಿಗೆ ಉತ್ತರ ಬರೆಯಲು ಅವನಿಗೇ ಪುರುಸೊತ್ತಿಲ್ಲ. 1843ರಲ್ಲಿ ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಒತ್ತಿಸಿ, ಕೈಯಲ್ಲಿ ಬಣ್ಣ ತುಂಬಿಸಿದ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಒಂದಕ್ಕೆ ಒಂದು ಶಿಲ್ಲಿಂಗ್‌ನಂತೆ ಮಾರಾಟಕ್ಕೆ ಬಿಟ್ಟ. ಶಿಲ್ಲಿಂಗ್ ಅಂದರೆ ಹನ್ನೆರಡು ಪೆನ್ನಿ; ಆ ದುಡ್ಡಿಗೆ ಹನ್ನೆರಡು ಪತ್ರ ಅಂಚೆಗೆ ಹಾಕಬಹುದಿತ್ತು. ಚಿತ್ರದಲ್ಲಿ ಪುಟ್ಟ ಮಗುವಿಗೂ ದ್ರಾಕ್ಷಾರಸ ಕುಡಿಸುತ್ತಿದ್ದರೆಂದು ಪಾನವಿರೋಧಿಗಳು ಕೆರಳಿದರು. (ಅದೇ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನೂ ಕಲ್ಲಚ್ಚಿನಲ್ಲೇ ಹೊರತಂದರು. ಪತ್ರಿಕೆಯವರಾದ ನಮಗೆ ಕಾರ್ಡಿನ ಮೇಲಿನ ಅಕ್ಕರೆಗೆ ಇದೂ ಒಂದು ನೆಪ.)

ಹಾಗಾದರೆ ಅದು ವಾಟ್ಸಾಪ್ ಫಾರ್ವರ್ಡಿನ ಮುತ್ತಜ್ಜನೇ ಆಯಿತಲ್ಲ ಎನ್ನುತ್ತೀರಿ. ಆ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೇಲೆ 'ಇವರಿಗೆ' ಎಂದೊಂದು ಖಾಲಿ ಜಾಗ, ಕೆಳಗೆ 'ಇವರಿಂದ' ಎಂದು ಇನ್ನೊಂದು. ಕೋಲ್‌ಗೆ ಪುರುಸೊತ್ತಿಲ್ಲದಿದ್ದರೂ ಆ ಎರಡು ಜಾಗ ಕೈಯಿಂದಲೇ ತುಂಬಬೇಕಿತ್ತು. ಫಾರ್ವರ್ಡಿನಲ್ಲಿ ಇಲ್ಲದಿರುವುದು ಅದೇ.

ಕ್ರೈಸ್ತರಲ್ಲ ಎಂಬ ಸಂಕೋಚವನ್ನಂತೂ ಬಿಡಿ. ಬ್ರಿಟನ್ನಿನ ಮೊದಲ ಕ್ರಿಸ್ಮಸ್ ಅಂಚೆಚೀಟಿ ಬಂದದ್ದು 1966ರಲ್ಲಿ. ಅದರಲ್ಲೊಂದರ ಚಿತ್ರ, ರಾಜನೊಬ್ಬನದು, ಬರೆದದ್ದು ಆರು ವರ್ಷದ ತಸ್ವೀರ್ ಶೆಮ್ಜಾ. ಶಿಮ್ಲಾದಲ್ಲಿ ಹುಟ್ಟಿ ಪಾಕಿಸ್ತಾನದಿಂದ ಬಂದು ನೆಲೆಸಿದ ಚಿತ್ರಕಾರ ಅನ್ವರ್ ಜಲಾಲ್ ಶೆಮ್ಜಾರ ಮಗಳು.

ದಂಡವಾಗುವುದು ಕಾರ್ಡು ಕೊಳ್ಳುವಾಗ ಕಣ್ಣು ಮುಚ್ಚಿಕೊಂಡರೆ. 250ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಕಾಗದ ಸಾಕು. 200ಕ್ಕಿಂತ ತೆಳುವಾದರೆ ಬೆಂಕಿಗೂಡಿನ ಹಲಗೆಯ ಮೇಲೆ ಎರಡೇ ದಿನಕ್ಕೆ ಸೊಂಟ ಬಗ್ಗಿಸುತ್ತದೆ. 350ರ ಹತ್ತಿರದ್ದು ಕ್ರೀಸಿಂಗ್ ಮಾಡದೆ, ಅಂದರೆ ಮೊದಲು ಗೆರೆ ಒತ್ತದೆ, ಮಡಿಸಿದರೆ ಮಡಿಕೆಯಲ್ಲೇ ಬಿರಿದು ಬಿಳಿ ಗೆರೆ ಬಿಡುತ್ತದೆ. ನೀವೇ ಅಚ್ಚು ಹಾಕಿಸುವುದಾದರೆ ಕಾಗದದ ಗ್ರೇನ್, ಅಂದರೆ ನಾರು ಹರಿದ ದಿಕ್ಕು, ಮಡಿಕೆಗೆ ಸಮಾನಾಂತರ ಇರಲಿ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ದಿಕ್ಕಿನ ಮಡಿಕೆಯೇ ಸರಿ. ಮುಖ್ಯವಾದದ್ದು ಒಳಮೈ. ಹೊರಗೆ ಆರ್ಟ್ ಕಾರ್ಡಿನ ಹೊಳಪಿದ್ದರೂ ಒಳಗೆ ಮ್ಯಾಪ್‌ಲಿತೋದಂಥ ಹೊಳಪಿಲ್ಲದ ಮೈ ಇರಬೇಕು. ಹೊಳಪಿನ ಮೇಲೆ ಶಾಯಿ ಇಂಗುವುದಿಲ್ಲ. ಜೆಲ್ ಪೆನ್ನಿನಲ್ಲಿ ಬರೆದು ಕೂಡಲೇ ಮುಚ್ಚಿದರೆ ನಿಮ್ಮ ಹೆಸರು ಎದುರು ಪುಟದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿರುತ್ತದೆ.

ಎ6 ಅಳತೆಯ (ಎ4 ಹಾಳೆಯ ಕಾಲುಭಾಗ) ಕಾರ್ಡು, ಅದು ಹಿಡಿಸುವ ಸಿ6 ಕವರು: ಇದಕ್ಕಿಂತ ತಾಪತ್ರಯವಿಲ್ಲದ ಜೋಡಿ ಇಲ್ಲ. ಬ್ರಿಟನ್ನಿನಲ್ಲಿ ಸಾಧಾರಣ ಪತ್ರದ ಮಿತಿ 24 ಸೆಂ.ಮೀ. ಉದ್ದ, 16.5 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪ, 100 ಗ್ರಾಂ ತೂಕ. ಮರದ ನಕ್ಷತ್ರ, ಮಣಿ, ರಿಬ್ಬನ್ನಿನ ಗಂಟು ಅಂಟಿಸಿದ ಕಾರ್ಡುಗಳು ಸಿಕ್ಕಿಬೀಳುವುದು ಆ 5 ಮಿ.ಮೀ.ನಲ್ಲಿ. ಅವು ದೊಡ್ಡ ಪತ್ರದ ದರಕ್ಕೆ ಏರುತ್ತವೆ, ಕೊರತೆ ಬಿದ್ದ ದುಡ್ಡು ಕೇಳುವುದು ಪಡೆದವರನ್ನು. ಶುಭಾಶಯದ ಜೊತೆ ದಂಡದ ಚೀಟಿ! ಅಮೆರಿಕದಲ್ಲಾದರೆ ಚೌಕ ಕವರಿಗೂ ಹೆಚ್ಚುವರಿ ಅಂಚೆ ಹಚ್ಚಬೇಕು, ವಿಂಗಡಿಸುವ ಯಂತ್ರ ಅದನ್ನು ಒಪ್ಪುವುದಿಲ್ಲ. ಕಡುಗೆಂಪು ಕವರಿನ ಮೇಲೆ ನೀಲಿ ಶಾಯಿಯೂ ಯಂತ್ರದ ಕಣ್ಣಿಗೆ ಕಾಣದು. ಅಂಥ ಕವರಿಗೆ ಬಿಳಿ ಚೀಟಿ ಅಂಟಿಸಿ, ಅದರ ಮೇಲೆ ವಿಳಾಸ ಬರೆಯಿರಿ.

ಡ್ರಾಯರಿನಲ್ಲಿ ರಾಣಿಯ ತಲೆಯ ಹಳೆಯ ಮಾಮೂಲಿ ಚೀಟಿ ಉಳಿದಿದ್ದರೆ ಹಚ್ಚಬೇಡಿ. ಬಾರ್‌ಕೋಡ್ ಇಲ್ಲದವು 2023ರ ಜುಲೈ 31ರ ನಂತರ ನಡೆಯುವುದಿಲ್ಲ. ಆದರೆ ಹಳೆಯ ಕ್ರಿಸ್ಮಸ್ ಚೀಟಿಗಳು ಈಗಲೂ ನಡೆಯುತ್ತವೆ. ಎರಡನೇ ದರ್ಜೆಯದು ಶನಿವಾರ ಬಟವಾಡೆಯಿಲ್ಲ, ಉಳಿದ ದಿನಗಳಲ್ಲೂ ದಿನ ಬಿಟ್ಟು ದಿನ ಎಂಬ ನಿಯಮ 2025ರ ಜುಲೈನಿಂದ ಬಂದಿದೆ. ಆದ್ದರಿಂದ ಕೊನೆಯ ದಿನ ನಂಬಿ ಕೂರದೆ ಡಿಸೆಂಬರ್ ಎರಡನೇ ವಾರದೊಳಗೆ ಪೆಟ್ಟಿಗೆಗೆ ಹಾಕಿ. ಮಂಗಳೂರಿನವು ನವೆಂಬರ್ ಮುಗಿಯುವ ಮೊದಲೇ ಹೊರಡಲಿ. ವಿಳಾಸ ಕನ್ನಡದಲ್ಲೇ ಬರೆಯಿರಿ, ಚೆಂದ. ಆರಂಕಿಯ ಪಿನ್ ಇಂಗ್ಲಿಷಿನ ಅಂಕಿಗಳಲ್ಲೂ ಕೊನೆಯ ಸಾಲಿನ 'ಇಂಡಿಯಾ' ಇಂಗ್ಲಿಷಿನ ದೊಡ್ಡ ಅಕ್ಷರದಲ್ಲೂ ಇರಲಿ. ಆ ಒಂದು ಸಾಲಿದ್ದರೆ ನಿಮ್ಮ ಅಂಚೆಯವರಿಗೆ ಸಾಕು. ಉಳಿದದ್ದನ್ನು ಮಂಗಳೂರಿನ ಪೋಸ್ಟ್‌ಮನ್ ಓದಿಕೊಳ್ಳುತ್ತಾನೆ.

ಇದಕ್ಕೆಲ್ಲ ಯಾರು ಕಾಯುತ್ತಾರೆ ಎಂದು ಕೇಳಬೇಡಿ. 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಫಿಲಿಪ್ ಕುನ್ಜ್ ಸುಮಾರು 600 ಮಂದಿ ಗುರುತುಪರಿಚಯವೇ ಇಲ್ಲದವರಿಗೆ ಕ್ರಿಸ್ಮಸ್ ಕಾರ್ಡು ಕಳಿಸಿದರು. ನೂರಕ್ಕೂ ಹೆಚ್ಚು ಮಂದಿ ಮರಳಿ ಕಾರ್ಡು ಹಾಕಿದರು. ನಮ್ಮಲ್ಲಿ ಮುಯ್ಯಿ ಎನ್ನುತ್ತೇವಲ್ಲ, ಅದೇ. ವಾಟ್ಸಾಪ್ ಗುಂಪಿಗೆ ಬಿದ್ದ ದೀಪದ ಚಿತ್ರಕ್ಕೆ ಯಾರೂ ಮುಯ್ಯಿ ತೀರಿಸುವುದಿಲ್ಲ, ಹೆಬ್ಬೆರಳು ತೋರಿಸುತ್ತಾರೆ.

ಅಂಚೆ ಸಾಯುತ್ತಿರುವುದು ಸುಳ್ಳಲ್ಲ. 1624ರಲ್ಲಿ ಶುರುವಾದ ಡೆನ್ಮಾರ್ಕಿನ ಸರ್ಕಾರಿ ಅಂಚೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು, ಬೀದಿಯ ಕೆಂಪು ಡಬ್ಬಿಗಳನ್ನು ಕಿತ್ತಿತು. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಪುಸ್ತಕಗಳನ್ನು ಅಗ್ಗಕ್ಕೆ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಹೋಯಿತು, ಮರುವರ್ಷ ರಿಜಿಸ್ಟರ್ಡ್ ಪೋಸ್ಟ್ ಹೋಗಿ ಸ್ಪೀಡ್ ಪೋಸ್ಟಿನ ಹೊಟ್ಟೆ ಸೇರಿತು. ಸಂಕ್ರಾಂತಿಗೆ ನಾಲ್ಕು ಕಾಳು ಕುಸುರೆಳ್ಳು ಹಾಕಿ ಕಳಿಸುತ್ತಿದ್ದ ಕಾರ್ಡು ಈಗ ಎಲ್ಲಿ ಸಿಗುತ್ತದೆ ಹೇಳಿ? ಮೂಲೆಗೆ ಅರಿಸಿನ ಹಚ್ಚಿದ ಮದುವೆ ಕರೆಯೋಲೆಯೂ ಪಿಡಿಎಫ್ ಆಗಿ ಬಂದು ಬೀಳುತ್ತದೆ. ಇದು ಕರೆದದ್ದೋ ತಿಳಿಸಿದ್ದೋ ಎಂದು ಮನೆಮಂದಿ ಚರ್ಚೆಗೆ ಕೂರುತ್ತಾರೆ. ಹೋಗದಿದ್ದರೆ ಮುನಿಸು ಬೇರೆ.

ಇನ್ನು ನಿಮ್ಮ ಪತ್ರದಲ್ಲಿ ನಮಗೆ ಚುಚ್ಚಿದ ಮಾತು. 'ಹೆಂಡತಿ ಬರೆಯುತ್ತ ಕೂರುತ್ತಾಳೆ' ಅಂದಿರಿ. ನೀವು ಎಲ್ಲಿದ್ದಿರಿ? ಮೈಕೆಲಾ ಡಿ ಲಿಯೊನಾರ್ಡೊ ಎಂಬ ಮಾನವಶಾಸ್ತ್ರಜ್ಞೆ 1987ರಲ್ಲೇ ಇದಕ್ಕೆ ನಂಟಿನ ದುಡಿಮೆ ಎಂಬರ್ಥದ ಹೆಸರು ಕೊಟ್ಟರು. ಕ್ಯಾಲಿಫೋರ್ನಿಯಾದ ಇಟಾಲಿಯನ್ ಮೂಲದ ಮನೆಗಳಲ್ಲಿ ಅವರು ಕಂಡದ್ದಿಷ್ಟು: ಕಾರ್ಡು, ಫೋನು, ಹಬ್ಬದೂಟ ಎಲ್ಲ ಹೆಂಗಸರ ತಲೆಯ ಮೇಲೆ, ಗಂಡನ ಕಡೆಯ ನೆಂಟರನ್ನು ನೆನಪಿಟ್ಟುಕೊಳ್ಳುವುದು ಸಹ. ಎಪ್ಪತ್ತರಲ್ಲಿ ನಿಮ್ಮ ಕಡೆಯವರು ಎಷ್ಟು ಜನ, ಎಣಿಸಿದ್ದೀರಾ?

ಈ ನವೆಂಬರಿನಲ್ಲಿ ಮೂವತ್ತೈದು ಕಾರ್ಡು ನಿಮ್ಮ ಪಾಲಿಗೆ. ದಿನಕ್ಕೆ ಐದರಂತೆ ವಾರದ ಕೆಲಸ. ಪ್ರತಿಯೊಂದರಲ್ಲೂ ಅಚ್ಚಾದ ಸಾಲಿನ ಕೆಳಗೆ, ಆ ಮನೆಗೆ ಮಾತ್ರ ಒಪ್ಪುವ ಒಂದು ವಾಕ್ಯವನ್ನು ಕೈಯಾರೆ ಬರೆಯಿರಿ. ವಿಳಾಸದ ಪುಸ್ತಕ ಎಲ್ಲಿದೆಯೆಂದು ನಮ್ಮನ್ನು ಕೇಳಬೇಡಿ, ನಿಮ್ಮ ಮನೆಯವರಿಗೆ ಗೊತ್ತಿದೆ.

— ಸಂ.