ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಏಳು ಗಂಟಿನ ದಾರ

ಹಾಸನದ ನಿಮ್ಮ ಅಜ್ಜಿಯ ಟ್ರಂಕಿನಲ್ಲಿ ಬಿಳಿ ದಾರ ಸಿಕ್ಕಿದೆ, ಒಂದು ತುದಿಯಲ್ಲಿ ಏಳು ಗಂಟಿದೆ, ಇದು ತಾಯತವಾ, ನಾನು ಕಟ್ಟಿಕೊಳ್ಳಬಹುದಾ ಎಂದು ಕೇಳಿದ್ದೀರಿ.

ತಾಯತ ಅಲ್ಲ ಅನಿಸುತ್ತದೆ. ಏಳು ಗಂಟು ಅಂದರೆ ಅದು ಯೇಸುವಿನ ಸಾಕುತಂದೆ ಸಂತ ಜೋಸೆಫರ ದಾರ ಇರಬೇಕು. ಗಂಟುಗಳು ಅವರ ಏಳು ದುಃಖ, ಏಳು ಸಂತೋಷಗಳ ನೆನಪು. ಕಟ್ಟಿಕೊಂಡವರು ದಿನಾ ಏಳು ಸಲ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಮಹಿಮೆಯ ಪ್ರಾರ್ಥನೆ ಹೇಳುತ್ತಾರೆ. ಈ ಭಕ್ತಿ ಶುರುವಾದದ್ದು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ. 1657ರಲ್ಲಿ ಅಲ್ಲಿನ ಅಗಸ್ಟೀನಿಯನ್ ಸಭೆಯ ಕನ್ಯಾಸ್ತ್ರೀಯೊಬ್ಬರು ತುಂಬಾ ನೋವಿನಲ್ಲಿದ್ದಾಗ ಇಂಥ ದಾರ ಮಾಡಿಸಿ, ಆಶೀರ್ವಾದ ಮಾಡಿಸಿ ಸೊಂಟಕ್ಕೆ ಕಟ್ಟಿಕೊಂಡರು, ಗುಣವಾದರು ಎನ್ನುತ್ತಾರೆ. ಮುಂದೆ ಇಟಲಿಯ ವೆರೋನಾದಲ್ಲಿ ಇದಕ್ಕೊಂದು ಸಂಘವೇ ಆಯಿತು.

ಇಂಥ ದಾರದ ಭಕ್ತಿಗಳು ಬೇರೆಯೂ ಇವೆ. ಸಂತ ಫ್ರಾನ್ಸಿಸರ ದಾರದ ಸಂಘವನ್ನು 1585ರಲ್ಲಿ ಪೋಪ್ ಐದನೇ ಸಿಕ್ಸ್ತಸ್ ಸ್ಥಾಪಿಸಿದರು. ಆ ಪೋಪ್ ಕೂಡ ಸಂತ ಫ್ರಾನ್ಸಿಸರ ಹೆಸರಿನ ಫ್ರಾನ್ಸಿಸ್ಕನ್ ಸಭೆಯವರೇ. ಸಂತ ಥಾಮಸ್ ಅಕ್ವಿನಾಸರ ದಾರಕ್ಕೆ ಹದಿನೈದು ಗಂಟು. ಅದನ್ನು ಪರಿಶುದ್ಧತೆಗಾಗಿ ಕಟ್ಟಿಕೊಳ್ಳುತ್ತಾರೆ.

ನೀವು ಕಟ್ಟಿಕೊಳ್ಳಬಹುದು. ಸಂಘದ ಸದಸ್ಯರಾಗಲು ಮಾತ್ರ ಅಧಿಕಾರವಿರುವ ಗುರುಗಳು (ಪಾದ್ರಿಗಳು) ಹೆಸರು ಸೇರಿಸಬೇಕು. ಭಕ್ತಿಗೆ ಅದು ಬೇಕಿಲ್ಲ. ಸುಮ್ನೆ ಕಟ್ಟಿ ಮರೆತುಬಿಟ್ಟರೆ ಅರ್ಥವಿಲ್ಲ. ಪ್ರಾರ್ಥನೆಯೇ ಮುಖ್ಯ ಅಲ್ವಾ? ಮೊದಲು ನಿಮ್ಮ ಚರ್ಚಿನ ಫಾದರ್‌ಗೆ ತೋರಿಸಿ. ಚಿಕ್ಕಮಗಳೂರಿಗೆ ಹೋದರೆ ಅಲ್ಲಿನ ಕೆಥೆಡ್ರಲ್ (ಬಿಷಪರ ಮುಖ್ಯ ಚರ್ಚು) ಕೂಡ ಸಂತ ಜೋಸೆಫರದ್ದೇ, ಅಲ್ಲಿಯೂ ಕೇಳಬಹುದು.

ದಾರ ಪಿಸಿದು ಹೋಗಿದ್ದರೆ ಕಸಕ್ಕೆ ಮಾತ್ರ ಹಾಕಬೇಡಿ. ಸುಡಿ, ಇಲ್ಲವೇ ಮಣ್ಣಲ್ಲಿ ಹೂಳಿ. ಹೊಸ ಹತ್ತಿ ದಾರಕ್ಕೆ ಏಳು ಗಂಟು ಹಾಕಿ ಆಶೀರ್ವಾದ ಮಾಡಿಸಿಕೊಳ್ಳಿ.